ರಕ್ತಪಿಶಾಚಿ ಕೊಲ್ಲುವ ಪೆಟ್ಟಿಗೆ

2022ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಒಂದು ಮರದ ಪೆಟ್ಟಿಗೆ ಹರಾಜಾಯಿತು. ಒಳಗೆ ಜೋಡಿ ಪಿಸ್ತೂಲು, ಶಿಲುಬೆ, ಪವಿತ್ರಜಲ, ಬೈಬಲ್, ಮರದ ಗೂಟ, ಅದನ್ನು ಹೊಡೆಯಲು ಕೊಡತಿ. ರಕ್ತ ಹೀರುವ ವ್ಯಾಂಪೈರನ್ನು ಕೊಲ್ಲುವ ಸಲಕರಣೆಗಳಂತೆ! ಎರಡು-ಮೂರು ಸಾವಿರ ಪೌಂಡ್ ಬಂದೀತು ಅಂದುಕೊಂಡಿದ್ದದ್ದು 13,000ಕ್ಕೆ ಹೋಯಿತು. ಹಳೆಯ ಒಡೆಯರ ಹೆಸರೂ ಬೆಲೆ ಏರಿಸಿರಬೇಕು. ಅವರು ಲಾರ್ಡ್ ಹೇಲಿ, ಬ್ರಿಟಿಷರ ಕಾಲದಲ್ಲಿ ಪಂಜಾಬಿಗೂ ಆಮೇಲೆ ಸಂಯುಕ್ತ ಪ್ರಾಂತ್ಯಕ್ಕೂ ಗವರ್ನರ್ ಆಗಿದ್ದವರು. ಮೂಢನಂಬಿಕೆಯ ಬಗ್ಗೆ ನಮಗೆ ಪಾಠ ಹೇಳಿದ ಆಡಳಿತದ ದೊಡ್ಡ ಸಾಹೇಬರ ಮನೆಯಲ್ಲಿ ಇದು! (ನಂಬಿ ಇಟ್ಟುಕೊಂಡಿದ್ದರೋ ಶೋಕಿಗೋ, ದೇವರಿಗೇ ಗೊತ್ತು.)

ಇಂಥ ಪೆಟ್ಟಿಗೆಗಳ ಮೇಲೆ ನನಗೆ ಕಾಸಿನಷ್ಟೂ ನಂಬಿಕೆಯಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಮರ್ಸರ್ ಮ್ಯೂಸಿಯಂನಲ್ಲಿರುವ ಒಂದನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ 'ಬೆಳ್ಳಿ' ಗುಂಡುಗಳು ತವರದ ಮಿಶ್ರಲೋಹದವು ಎಂದು ತಿಳಿಯಿತು. ಲೇಬಲ್ಲಿನ ಕಾಗದದಲ್ಲಿ ಎರಡನೇ ಮಹಾಯುದ್ಧದ ನಂತರವಷ್ಟೇ ಬಳಕೆಗೆ ಬಂದ, ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಹೊಳೆಯುವ ಬಿಳುಪುಕಾರಕ ಇತ್ತು. ಹಲವು ಪೆಟ್ಟಿಗೆಗಳ ಮೇಲೆ ಪ್ರೊಫೆಸರ್ ಅರ್ನ್ಸ್ಟ್ ಬ್ಲೋಮ್‌ಬರ್ಗ್ ಎಂಬವರ ಹೆಸರಿರುತ್ತದೆ. ಆ ಮನುಷ್ಯ ಇದ್ದ ಎನ್ನುವುದಕ್ಕೆ ಪುರಾವೆಯೇ ಸಿಕ್ಕಿಲ್ಲ. ಹಳೆಯ ಪಿಸ್ತೂಲು, ಹಳೆಯ ಪ್ರಾರ್ಥನಾ ಪುಸ್ತಕ, ಹಳೆಯ ಡಬ್ಬಿ ಎಲ್ಲ ಅಸಲಿ. ಅವನ್ನು ಕೂಡಿಸಿ ಕಟ್ಟಿದ ಕಥೆ ಮಾತ್ರ ಸಿನಿಮಾ ಕಾಲದ್ದು.

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಆಯುಧಗಳ ಮ್ಯೂಸಿಯಂ ರಾಯಲ್ ಆರ್ಮರೀಸ್ 2012ರಲ್ಲಿ ಇಂಥದ್ದೊಂದನ್ನು ಕೊಂಡಿತು. ಅಲ್ಲಿನ ಕ್ಯುರೇಟರ್ ಜೊನಾಥನ್ ಫರ್ಗುಸನ್ ಇದು ಇಪ್ಪತ್ತನೇ ಶತಮಾನದ ಕಲ್ಪನೆ ಎಂದು ಮುಚ್ಚುಮರೆಯಿಲ್ಲದೆ ಬರೆದರು. ಹೀಗೆ ಹೇಳಿ ಇಟ್ಟರೆ ನನ್ನ ತಕರಾರಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಈ ಮಖಮಲ್ಲಿನ ಅಸ್ತರು, ಹಿತ್ತಾಳೆಯ ಕೀಲು ನೋಡಿದವರಿಗೆ ಯಾರೋ ಜಂಟಲ್‌ಮನ್ ಬೇಟೆಗೆ ಹೊರಟ ಚಿತ್ರ ಕಣ್ಣಿಗೆ ಬರುತ್ತದೆ. ನಿಜದಲ್ಲಿ ಈ ಕೆಲಸ ಮಾಡಿದವರು ಹೆದರಿ ನಡುಗುತ್ತಿದ್ದ ರೈತರು. ಅವರ ಸಲಕರಣೆ ಗುದ್ದಲಿ, ಕೊಡಲಿ, ಚೂಪು ಮಾಡಿದ ಗೂಟ, ಬೆಂಕಿ. 1725ರಲ್ಲಿ, ಆಗ ಆಸ್ಟ್ರಿಯಾದ ಕೈಯಲ್ಲಿದ್ದ ಸರ್ಬಿಯಾದ ಕಿಸಿಲೋವಾದಲ್ಲಿ ಪೀಟರ್ ಪ್ಲೊಗೊಯೊವಿಟ್ಜ್ ಸತ್ತ ಮೇಲೆ ಎಂಟು ದಿನದಲ್ಲಿ ಒಂಬತ್ತು ಜನ ಸತ್ತರು. ಸತ್ತವನೇ ವ್ಯಾಂಪೈರ್ ಆಗಿ ಬಂದು ಕೊಲ್ಲುತ್ತಿದ್ದಾನೆ ಎಂದು ಊರವರು ಗೋರಿ ಅಗೆದರು. ಬಾಯಲ್ಲಿ ರಕ್ತ, ಹೊಸ ಉಗುರು! ಎದೆಗೆ ಗೂಟ ಹೊಡೆದು ಸುಟ್ಟರು. ಜೊತೆಗಿದ್ದ ಆಸ್ಟ್ರಿಯಾದ ಸರ್ಕಾರಿ ಅಧಿಕಾರಿ ಇದನ್ನೆಲ್ಲ ವರದಿ ಬರೆದು ಕಳಿಸಿದ. ಅದು ಪತ್ರಿಕೆಯಲ್ಲೂ ಬಂತು. ಕೊಳೆಯುವಾಗ ಹೊಟ್ಟೆ ಉಬ್ಬಿ ಒಳಗಿನ ದ್ರವ ಬಾಯಿಗೆ ಬರುತ್ತದೆ, ಚರ್ಮ ಸುಲಿದು ಹೋಗುತ್ತದೆ, ಹಿಂದೆ ಸರಿದ ಚರ್ಮದಿಂದ ಉಗುರು ಬೆಳೆದಂತೆ ಕಾಣುತ್ತದೆ. ಇಷ್ಟೇ. ಆದರೆ ಮನೆಯಲ್ಲಿ ಹೆಣದ ಮೇಲೆ ಹೆಣ ಬೀಳುತ್ತಿದ್ದಾಗ ಅವರಿಗೆ ಇದನ್ನು ಹೇಳುವವರು ಯಾರಿದ್ದರು? 1755ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ವಾನ್ ಸ್ವೀಟನ್‌ನ ಮಾತು ಕೇಳಿ ಇಂಥ ಗೋರಿ ಅಗೆಯುವಿಕೆಯನ್ನು ನಿಷೇಧಿಸಿದಳು.

ನಿಷೇಧದಿಂದ ಭಯ ಹೋಗುತ್ತದೆಯೇ? 1892ರಲ್ಲಿ, ಅಂದರೆ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದು ಹತ್ತು ವರ್ಷವಾದ ಮೇಲೆ, ಅಮೆರಿಕದ ರೋಡ್ ಐಲ್ಯಾಂಡ್‌ನ ಎಕ್ಸಿಟರ್‌ನಲ್ಲಿ ಕ್ಷಯದಿಂದ ತೀರಿಕೊಂಡ ಹತ್ತೊಂಬತ್ತರ ಹುಡುಗಿ ಮರ್ಸಿ ಬ್ರೌನ್‌ಳ ದೇಹ ತೆಗೆದರು. ಚಳಿಗಾಲದಲ್ಲಿ ನೆಲದ ಮೇಲಿನ ಕಟ್ಟಡದಲ್ಲಿ ಇಟ್ಟಿದ್ದರಿಂದ ದೇಹ ಕೆಟ್ಟಿರಲಿಲ್ಲ. ಹೃದಯವನ್ನು ಸುಟ್ಟು ಬೂದಿಯನ್ನು ಕಾಯಿಲೆ ಬಿದ್ದ ತಮ್ಮ... ಅಲ್ಲ, ಅಣ್ಣ ಎಡ್ವಿನ್‌ಗೆ ಔಷಧಿಯಾಗಿ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಹೋದ. ತಾಯಿ, ಇನ್ನೊಬ್ಬ ಮಗಳು ಮೊದಲೇ ಹೋಗಿದ್ದರು. ಆ ತಂದೆ ಜಾರ್ಜ್ ಬ್ರೌನ್‌ಗೆ ಇದರಲ್ಲಿ ನಂಬಿಕೆಯಿರಲಿಲ್ಲ, ನೆರೆಯವರ ಒತ್ತಾಯಕ್ಕೆ ಒಪ್ಪಿದ ಎಂದು ಆಗಿನ ಪತ್ರಿಕೆಗಳು ಬರೆದವು. ಇದಕ್ಕೆ ಯಾವ ಪೆಟ್ಟಿಗೆ ಬೇಕಿತ್ತು?

ಪೋಲೆಂಡಿನ ಪ್ಯೆನ್‌ನಲ್ಲಿ 2022ರಲ್ಲಿ ಹದಿನೇಳನೇ ಶತಮಾನದ ಹೆಂಗಸೊಬ್ಬಳ ಅಸ್ಥಿಪಂಜರ ಸಿಕ್ಕಿತು. ಕುತ್ತಿಗೆಗೆ ಅಡ್ಡವಾಗಿ ಕುಡುಗೋಲು, ಕಾಲ್ಬೆರಳಿಗೆ ಬೀಗ. ಎದ್ದರೆ ಕತ್ತು ಕತ್ತರಿಸಲಿ ಅಂತ. ಗದ್ದೆಯಲ್ಲಿ ಬಳಸುವ ಕುಡುಗೋಲೇ ಅದು. ಅಸಲಿ ಪುರಾತನ ವಸ್ತು ಬೇಕೆಂದರೆ ಇದೇ ಅಸಲಿ, ಆದರೆ ಇದಕ್ಕೆ ಮಖಮಲ್ಲಿಲ್ಲವಲ್ಲ!

ಇನ್ನೊಂದು ತಮಾಷೆ: ಬ್ರಾಮ್ ಸ್ಟೋಕರ್ ಬರೆದ 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ವ್ಯಾಂಪೈರ್ ಡ್ರಾಕುಲಾನೇ ಗೂಟದಿಂದ ಸಾಯುವುದಿಲ್ಲ. ಕುತ್ತಿಗೆಗೆ ಕುಕ್ರಿ, ಎದೆಗೆ 'ಬೋವಿ' ಎಂಬ ಅಮೆರಿಕದ ದೊಡ್ಡ ಚಾಕು. ಗೂರ್ಖಾಗಳ ಕುಕ್ರಿ! ಇಷ್ಟು ಚೆನ್ನಾದ ವಿವರ ಇದ್ದರೂ ಪೆಟ್ಟಿಗೆ ಜೋಡಿಸಿದವರಿಗೆ ಗೂಟವೇ ಬೇಕಾಯಿತು, ಸಿನಿಮಾ ನೋಡಿದ್ದರಲ್ಲ. ಹರಾಜಿನವರು ಇನ್ನು ಮುಂದೆಯಾದರೂ ಕ್ಯಾಟಲಾಗಿನಲ್ಲಿ 'ಹತ್ತೊಂಬತ್ತನೇ ಶತಮಾನ' ಎಂದು ಬರೆಯುವ ಮುಂಚೆ ಲೇಬಲ್ಲನ್ನು ಒಂದು ಸಲ ಅಲ್ಟ್ರಾವಯೊಲೆಟ್ ಬೆಳಕಿಗೆ ಹಿಡಿಯಲಿ.