ಪೊಟ್ಟಣದೊಳಗೆ ಸರ್ವ ನಮೂನೆ ಸಮ್ಮೇಳನ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜೊಂದರ, ಅಂದರೆ ಯಾರೋ ಬರೆದು ಹಂಚಿದ ಕೋಡಿನ ಪೊಟ್ಟಣವೊಂದರ, ಮೂಲ ಕಡತಗಳನ್ನು ತಂದರೆ, ಅದಕ್ಕೆ ಬೇರೆ ಏನೇನು ಬೇಕೆಂದು ತಿಳಿಯಲು ಬಹುಕಾಲ ಇದ್ದದ್ದು ಹೆಚ್ಚುಕಡಿಮೆ ಒಂದೇ ದಾರಿ: ಸೆಟಪ್.ಪಿವೈ ಎಂಬ ಪ್ರೋಗ್ರಾಂ ಓಡಿಸಿ ನೋಡುವುದು. ಅಪರಿಚಿತರು ಬರೆದ ಆ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡಬಹುದಿತ್ತು. ನಡುವೆ ಪುರುಸೊತ್ತಾದರೆ ತನಗೆ ಬೇಕಾದದ್ದನ್ನೂ ಹೇಳುತ್ತಿತ್ತು. ಅದನ್ನು ಓಡಿಸಲು ಪ್ಯಾಕೇಜು ಕಟ್ಟುವ ಸೆಟಪ್‌ಟೂಲ್ಸ್ ಎಂಬ ಸಲಕರಣೆ ಬೇಕು. ಸೆಟಪ್‌ಟೂಲ್ಸ್ ಬೇಕೆಂಬ ಮಾತು ಇರುವುದು ಅದರೊಳಗೇ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

2016ರಲ್ಲಿ ಪೆಪ್ 518 ಎಂಬ, ಪೈಥಾನ್ ಸುಧಾರಣೆಯ ಪ್ರಸ್ತಾವ ಮದ್ದು ತಂದಿತು: ಓಡಿಸುವ ಪ್ರೋಗ್ರಾಂ ಬೇಡ, ಓದುವ ಕಡತ ಸಾಕು. ಸರಿ, ವಿವರ ಬರೆದಿಡಲು ಇರುವ ಕಡತ ನಮೂನೆಗಳಲ್ಲಿ ಯಾವುದು? ಜೇಸನ್‌ನಲ್ಲಿ ಟಿಪ್ಪಣಿ ಬರೆಯಲಾಗದು, ಕೈಯಲ್ಲಿ ತಿದ್ದುವುದು ಕಷ್ಟ. ಯಾಮಲ್‌ನ ನಿಯಮಾವಳಿ ಮುದ್ರಿಸಿದರೆ 86 ಪುಟ. ಪೈಥಾನ್ ಮೊದಲಿನಿಂದ ಓದುತ್ತಿದ್ದ ಐಎನ್‌ಐ ಶೈಲಿಗೆ ಲಿಖಿತ ನಿಯಮವೇ ಇಲ್ಲ. ಕಾರಣಗಳೆಲ್ಲ ಸರಿಯೇ, ನಗು ಬರುವುದೂ ಅದಕ್ಕೇ. ಕೊನೆಗೆ ಗೆದ್ದದ್ದು ಟಾಮ್ಲ್: ತಾನಿನ್ನೂ 1.0ನೇ ಆವೃತ್ತಿ ಮುಟ್ಟದ, ಪೈಥಾನ್‌ಗೆ ಓದಲೇ ಬಾರದ ನಮೂನೆ.

ಪೈಥಾನ್ ಅದನ್ನು ಸ್ವಂತವಾಗಿ ಓದಲು ಕಲಿತದ್ದು 2022ರಲ್ಲಿ, 3.11ನೇ ಆವೃತ್ತಿಯಲ್ಲಿ. ಓದಲು ಮಾತ್ರ, ಬರೆಯುವುದು ಪಠ್ಯಕ್ರಮದಲ್ಲಿರಲಿಲ್ಲ. ಅಷ್ಟರವರೆಗೆ ಪ್ಯಾಕೇಜುಗಳನ್ನು ಸ್ಥಾಪಿಸುವ ಪಿಪ್ ಎಂಬ ಪ್ರೋಗ್ರಾಂ ಪರರ ಕೋಡನ್ನು ತನ್ನೊಳಗೆ ಇಟ್ಟುಕೊಂಡು ದಿನ ದೂಡಿತು. ಟಾಮ್ಲ್ ಓದುವ ಟಾಮ್ಲಿ ಎಂಬ ಪ್ಯಾಕೇಜನ್ನು ಕಟ್ಟಲು ಫ್ಲಿಟ್ ಎಂಬ ಸಲಕರಣೆ ಬೇಕು. ಫ್ಲಿಟ್‌ಗೆ ಟಾಮ್ಲ್ ಓದಲು ಟಾಮ್ಲಿ ಬೇಕು. ಆದ್ದರಿಂದ ಫ್ಲಿಟ್‌ನ ಒಳಗೆ ಟಾಮ್ಲಿಯ ನಕಲೊಂದು. ಮದುವೆ ಮತ್ತೆ ಮುಂದಕ್ಕೆ ಹೋಯಿತು.

ಇಷ್ಟೆಲ್ಲ ಆಗಿ, ಟಾಮ್ಲ್‌ನಲ್ಲಿ ಬರೆದ ವಿವರ ಟಾಮ್ಲ್ ಆಗಿಯೇ ಬಳಕೆದಾರನನ್ನು ತಲುಪುತ್ತದೆಯೇ? ಪ್ಯಾಕೇಜು ಕಟ್ಟುವಾಗ ಅದು ಇಮೇಲಿನ ತಲೆಸಾಲುಗಳ ರೂಪ ತಾಳುತ್ತದೆ. 2001ರಿಂದ ನಡೆದುಬಂದ ಸಂಪ್ರದಾಯ. ಪಕ್ಕದಲ್ಲಿ ಕಡತಗಳ ಪಟ್ಟಿ, ಅಲ್ಪವಿರಾಮ ಹಾಕಿ ಬೇರ್ಪಡಿಸುವ ಸಿಎಸ್‌ವಿ ನಮೂನೆಯಲ್ಲಿ. ಆಜ್ಞೆಗಳ ಪಟ್ಟಿ ಐಎನ್‌ಐಯಲ್ಲಿ, ಅಂದರೆ ಮುಂಬಾಗಿಲಿನಿಂದ ವಾಪಸು ಕಳಿಸಿದ್ದ ಅದೇ ಅಭ್ಯರ್ಥಿ. ನೇರ ವಿಳಾಸದಿಂದ ತಂದು ಸ್ಥಾಪಿಸಿದ್ದರೆ ಆ ವಿಳಾಸ ಜೇಸನ್‌ನಲ್ಲಿ. ಎಲ್ಲವೂ ಒಂದೇ ಫೋಲ್ಡರಿನೊಳಗೆ. ಪಾಪ, ಯಾಮಲ್ ಒಂದೇ ಹೊರಗುಳಿಯಿತು.

ಯಾರೂ ಸರಿಪಡಿಸಲು ಹೋಗಲಿಲ್ಲ ಎನ್ನುವಂತಿಲ್ಲ. 2012ರಲ್ಲಿ ಶುರುವಾದ ಮೆಟಾಡೇಟಾ (ಪ್ಯಾಕೇಜಿನ ವಿವರ) 2.0 ಪ್ರಸ್ತಾವ ಈ ವಿವರಗಳನ್ನೆಲ್ಲ ಜೇಸನ್‌ಗೆ ಒಯ್ಯಲು ಹೊರಟಿತ್ತು. ವರ್ಷಗಟ್ಟಲೆ ಚರ್ಚೆಯಾಗಿ ಅದನ್ನು ಹಿಂತೆಗೆದುಕೊಂಡರು. 2018ರಲ್ಲಿ ಮೆಟಾಡೇಟಾ ಆವೃತ್ತಿ 1.2ರಿಂದ ನೇರವಾಗಿ 2.1ಕ್ಕೆ ಜಿಗಿದರು, ಆಗದ ಕೆಲಸಕ್ಕೂ ಒಂದು ಸಂಖ್ಯೆ ಮೀಸಲಿಟ್ಟು ಗೌರವಿಸುವ ಶಿಸ್ತು ಸರ್ಕಾರಿ ಕಚೇರಿಗಳಲ್ಲೂ ಅಪರೂಪ. ಹೊಸ ಆವೃತ್ತಿಯಲ್ಲಿ ಕಡತ ಜೇಸನ್ ಆಯಿತೇ? ಇಲ್ಲ, ಇಮೇಲನ್ನು ಜೇಸನ್‌ಗೆ ತಿರುಗಿಸುವ ವಿಧಾನವನ್ನು ಬರೆದಿಟ್ಟರು. ಜೊತೆಗೆ, ಪ್ಯಾಕೇಜಿನ ಉದ್ದನೆಯ ವಿವರಣೆಯನ್ನು ತಲೆಸಾಲಿನ ಬದಲು ಪತ್ರದ ಒಡಲಿನಲ್ಲೇ ಬರೆಯಬಹುದೆಂದು ಅನುಮತಿಸಿ, ಅದನ್ನು ಇನ್ನಷ್ಟು ಇಮೇಲಾಗಿಸಿದರು.