ಸೋಮೇಶ್ವರನ ಗುಡಿ ಬೀದಿಯಲ್ಲಿ ನಡೆದು ಬನ್ನಿ

ಹೋದ ಭಾನುವಾರ ಚಿಕ್ಕಪ್ಪನ ಮಗಳು ಬೆಂಗಳೂರಿಂದ ಬಂದಿದ್ದಳು. ಅಂತರಗಂಗೆ ಬೆಟ್ಟ ಹತ್ತಿ, ಕಮ್ಮಸಂದ್ರದ ಕೋಟಿಲಿಂಗೇಶ್ವರ ನೋಡಿಕೊಂಡು ವಾಪಸ್ ಹೋಗುವ ಯೋಚನೆ. "ಕೋಲಾರ ಊರೊಳಗೆ ನೋಡೋಕೆ ಏನಿದೆ ಅಣ್ಣ?" ಅಂದಳು. ನನಗೆ ಒಳಗೇ ಚುರುಕ್ ಅಂತು. ಬೆಟ್ಟ ಆಮೇಲೆ, ಮೊದಲು ಬಾ ಅಂತ ಕರೆದುಕೊಂಡು ಹೊರಟೆ.

ಕೋಲಾರಮ್ಮನ ಗುಡಿಯ ಗೋಡೆ ಮೇಲೆ ತಮಿಳು ಶಾಸನಗಳಿವೆ. ರಾಜೇಂದ್ರ ಚೋಳನ ಕಾಲದವು, ಹೆಚ್ಚುಕಡಿಮೆ ಸಾವಿರ ವರ್ಷ. ಅವಳು ಅಕ್ಷರಗಳ ಮೇಲೆ ಕಣ್ಣಾಡಿಸುತ್ತಾ ಮಾತೇ ಆಡಲಿಲ್ಲ. ಅದೇ ಗುಡಿಯಲ್ಲಿರುವ ಚೇಳಿನ ದೇವಿ ಚೇಳಮ್ಮನ ಹತ್ತಿರ ನೆಲದಲ್ಲೇ ಕೊರೆದ ಹುಂಡಿ ಇದೆಯಲ್ಲ, ಅಲ್ಲಿ ನಮ್ಮಜ್ಜಿ ನನ್ನ ಕೈಯಿಂದ ಕಾಸು ಹಾಕಿಸುತ್ತಿದ್ದರು. ಚೇಳು ಕುಟುಕಲ್ಲ ಅನ್ನುವ ನಂಬಿಕೆ. ತಂಗಿಯೂ ಬಗ್ಗಿ ಒಂದು ನಾಣ್ಯ ಬಿಟ್ಟು, ಅದು ಬಿದ್ದ ಸದ್ದಿಗೆ ಕಿವಿಗೊಟ್ಟಳು.

ಅಲ್ಲಿಂದ ಸೋಮೇಶ್ವರನ ಗುಡಿಗೆ ನಡೆದೇ ಹೋದೆವು. ವಿಜಯನಗರದ ಕಾಲದ ಗುಡಿ. ಆ ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ನೋಡಲು ಒಂದು ದಿನ ಸಾಲದು. ಆದರೆ ಹೊರಗೆ ಬಂದು ಗೋಪುರದ ಫೋಟೊ ತೆಗೆಯಲು ಹೋದರೆ ಅಡ್ಡಕ್ಕೆ ಫ್ಲೆಕ್ಸ್, ಕರೆಂಟ್ ವೈರು. ಕಾಂಪೌಂಡ್ ಉದ್ದಕ್ಕೂ ಬೈಕು.

ಅಂಗಡಿಗಳ ಮೇಲೆ ನನಗೆ ಸಿಟ್ಟಿಲ್ಲ. ಹೂವು, ಕಾಯಿ, ಬಟ್ಟೆ, ಈಗ ಮೊಬೈಲ್ ಅಂಗಡಿ. ವ್ಯಾಪಾರ ಇರುವುದರಿಂದಲೇ ಆ ಬೀದಿಗೆ ಜೀವ. ಅಂಗಡಿಯವರ ಕಷ್ಟವೂ ನಿಜ. ಎರಡೂ ಗುಡಿಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಪುರಾತನ ಸ್ಮಾರಕಗಳ ಕಾನೂನಿಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಸೋರುವ ಸೂರು ರಿಪೇರಿಗೂ ಅರ್ಜಿ ಹಾಕಬೇಕು. ಆ ಅನುಮತಿ ಬೇಗ ಸಿಗಬೇಕು, ಇದರಲ್ಲಿ ನಾನು ಅಂಗಡಿಯವರ ಕಡೆ. ಆದರೆ ಕಾನೂನೇ ಬೇಡ ಅನ್ನುವವರ ಮಾತು ಒಪ್ಪಲ್ಲ. ಅದಿಲ್ಲದಿದ್ದರೆ ಗೋಪುರದ ಪಕ್ಕಕ್ಕೇ ನಾಲ್ಕಂತಸ್ತಿನ ಕಾಂಪ್ಲೆಕ್ಸ್ ಏಳುತ್ತಿತ್ತು, ಅಲ್ವಾ?

ಊರಿನ ಆಡಳಿತ ನೋಡಿಕೊಳ್ಳುವವರನ್ನು ನಾನು ಕೇಳುವುದು ಜಾಸ್ತಿ ಏನಲ್ಲ. ಎರಡು ಗುಡಿಗಳ ನಡುವೆ ನಡೆಯಲು ಸರಿಯಾದ ಫುಟ್‌ಪಾತ್, ದಾರಿ ತೋರಿಸುವ ಬೋರ್ಡು, ಗೋಪುರದ ಎದುರು ಫ್ಲೆಕ್ಸ್ ಬೇಡ, ಬೈಕಿಗೆ ಬೇರೆ ಜಾಗ. ಹೈದರಾಲಿ ತಂದೆ ಫತೇ ಮುಹಮ್ಮದರ ಗೋರಿಯೂ ಇದೇ ಊರಲ್ಲಿದೆ, ಅದನ್ನೂ ಸೇರಿಸಿ. ಜನ ನಡೆದು ಬಂದರೆ ಅದೇ ಬೀದಿಯ ಹೋಟೆಲಲ್ಲಿ ತಿಂಡಿ ತಿನ್ನುತ್ತಾರೆ, ಹೂವು ಕೊಳ್ಳುತ್ತಾರೆ.

ತಂಗಿ ಮುಂದಿನ ತಿಂಗಳು ಚಿಕ್ಕಮ್ಮನನ್ನೂ ಕರೆದುಕೊಂಡು ಬರುತ್ತಾಳಂತೆ. ಚಿಕ್ಕಮ್ಮನಿಗೆ ಮಂಡಿನೋವು. ಅಷ್ಟರೊಳಗೆ ಆ ಕಾಂಪೌಂಡ್ ಪಕ್ಕದ ಬೈಕುಗಳನ್ನಾದರೂ ತೆಗೆಸಿ.