ಹೊಸ ಮನೆಯ ಬೆಲೆ: ಒಂದು ಸ್ಪಷ್ಟನೆ

‘ಹೊಸ ಮನೆಗೆ ಮಾರ್ಗಸೂಚಿ ದರವೇ ಅಂತಿಮ, ಚೌಕಾಸಿ ಮಾಡುವಂತಿಲ್ಲ, ಮೇಲೆ ಶೇ 5 ಜಿಎಸ್‌ಟಿ ಕಟ್ಟಲೇಬೇಕು’ ಎಂಬ ಸಂದೇಶ ಮಡಿಕೇರಿ, ಕುಶಾಲನಗರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ನಾನೂ ಹಂಚಿದ್ದೆ. ಅದು ತಪ್ಪು, ಕ್ಷಮಿಸಿ.

ಸರ್ಕಾರ ಗೊತ್ತುಮಾಡುವ ಮಾರ್ಗಸೂಚಿ ದರ ಇರುವುದು ನೋಂದಣಿ ವೇಳೆ ಕಟ್ಟುವ ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಮನೆಯ ಬೆಲೆ ಮಾರುವವರು, ಕೊಳ್ಳುವವರು ಕುಳಿತು ಮಾತಾಡಿ ಗೊತ್ತುಮಾಡುವಂಥದ್ದು. ನಮ್ಮ ಜಡಿಮಳೆಯಲ್ಲಿ ಗೋಡೆ ತೇವ ಹಿಡಿದಿದ್ದರೆ ಅದನ್ನು ತೋರಿಸಿಯೇ ಬೆಲೆ ಇಳಿಸಿ ಎಂದು ಧೈರ್ಯವಾಗಿ ಕೇಳಬಹುದು.

2019ರ ಏಪ್ರಿಲ್ 1ರಿಂದ ಶೇ 5 ಜಿಎಸ್‌ಟಿ (ಕೈಗೆಟಕುವ ದರದ ಮನೆಗೆ ಶೇ 1) ಇರುವುದು ನಿರ್ಮಾಣ ಹಂತದಲ್ಲಿ ಕೊಳ್ಳುವ ಮನೆಗೆ. ಪೂರ್ಣತಾ ಪ್ರಮಾಣಪತ್ರ ಬಂದ ನಂತರವೇ ಪೂರ್ತಿ ಹಣ ಕೊಟ್ಟು ಕೊಂಡರೆ ಜಿಎಸ್‌ಟಿ ಇಲ್ಲ. ಜಿಎಸ್‌ಟಿ ಕಾಯ್ದೆಯ ಮೂರನೆಯ ಅನುಸೂಚಿಯೇ ಇದಕ್ಕೆ ಆಧಾರ.

ಮೊದಲ ಮನೆಗೆಂದು ವರ್ಷಗಟ್ಟಲೆ ಕೂಡಿಟ್ಟವರ ಹಣದ ಪ್ರಶ್ನೆ ಇದು. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.